ದಬ್ಬಳದ ಹಿಂದಿನ ತುದಿ

ಆದೋನಿಯ ಹತ್ತಿ ಮಿಲ್ಲಿನಾಗ
ಬೇಲಿನ ಬಾಯಿ ಹೊಲಿಯೋದು ನನ್ನ ಕೆಲಸ.
ಗೇಣುದ್ದ ದಬ್ಬಳ, ಸೆಣಬಿನ ದಾರ,
ಅಂಗೈಗೆ ನಮ್ಮಪ್ಪನ ಹಳೇ ಚಪ್ಪಲಿಯಿಂದ ಕೊಯ್ದ
ಒಂದು ತುಂಡು ತೊಗಲು.

ಮೊದಲು ಉರುಕುಂದಪ್ಪ ಪ್ರೆಸ್ಸು ಇಳಿಸ್ತಾನೆ.
ಕೋಣೆ ತುಂಬಿದ ಹತ್ತಿ ನೋಡ್ತಾ ನೋಡ್ತಾ
ಮದುವೆ ಟ್ರಂಕಿನಷ್ಟಾಗ್ತೈತೆ.
ನರಳೋದು ಮಾತ್ರ ಕಬ್ಬಿಣ.
ಇದು ನನಗೆ ಬಹಳ ದಿನ ಬಗೆಹರಿದಿರಲಿಲ್ಲ,
ಒತ್ತಿಸಿಕೊಂಡದ್ದು ಸುಮ್ಮನಿರುವಾಗ
ಒತ್ತಿದ್ದಕ್ಕೆ ಏನು ಬಂತು ಬ್ಯಾನಿ ಅಂತ.

ಮಗಳು ಶ್ರಾವಣಿ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ.
ಒಂದು ಸಂಜೆ ಹೊಸ್ತಿಲ ಮೇಲೆ ಕೂತು ಬಾಯಿಪಾಠ ಮಾಡ್ತಿದ್ದಳು:
ಪ್ರತಿಯೊಂದು ಕ್ರಿಯೆಗೂ ಸಮನಾದ
ಹಾಗೂ ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ.
ರೊಟ್ಟಿ ತಟ್ಟೋ ಕೈ ನಿಂತಿತು.
ಸಮ ಅಂದ್ರೆ?
ನಾ ದಬ್ಬಳಾನ ಒತ್ತಿದಷ್ಟೇ ಅದು ನನ್ನ ಒತ್ತುತೈತಾ?
ಅಷ್ಟೇ ಅವ್ವ, ಗುಲಗಂಜಿ ತೂಕ ಹೆಚ್ಚಿಲ್ಲ, ಕಮ್ಮಿ ಇಲ್ಲ.
ಹಂಗಾದ್ರೆ ತೂತು ತಟ್ಟಿಗೇ ಯಾಕೆ ಬೀಳಬೇಕು,
ನನ್ನ ಅಂಗೈಗೆ ಯಾಕಿಲ್ಲ?

ಸಿಟ್ಟಿಗೆದ್ದು ಪುಟ ತಿರುವಿದಳು. ಅದರಾಗೆ ಸಿಗಲಿಲ್ಲ.
ಆಮೇಲೆ ಎದ್ದು ಬಂದು
ಜೋಳದ ಹಿಟ್ಟಿನ ಮುದ್ದೆಗೆ ದಬ್ಬಳ ಇಟ್ಟಳು.
ಚೂಪು ಸರಕ್ಕನೆ ಇಳಿದು ಹೋಯಿತು.
ತಿರುಗಿಸಿ, ಅಷ್ಟೇ ಜೋರಿನಲ್ಲಿ, ಹಿಂದಿನ ತುದಿ ಒತ್ತಿದಳು.
ಹಿಟ್ಟು ಒಂದಿಷ್ಟು ತಗ್ಗಾಯಿತು, ಅಷ್ಟೇ.
ಜೋರು ಒಂದೇ ಅವ್ವ, ಅಂದಳು.
ಚೂಪಿಗೆ ನಿಲ್ಲೋಕೆ ಜಾಗ ಇಲ್ಲ,
ಇದ್ದ ಭಾರ ಎಲ್ಲಾ ಒಂದೇ ಚುಕ್ಕಿ ಮೇಲೆ ಹಾಕ್ತೈತೆ.
ಹಿಂದಿನದು ನಿನ್ನ ತೊಗಲ ಮೇಲೆ
ಪಾಲು ಹಂಚಿಕೊಂಡು ಕೂರ್ತೈತೆ.

ಆ ಹಿಟ್ಟಿನ ರೊಟ್ಟಿ ನಾನೇ ತಿಂದೆ.

ಮರುದಿನದಿಂದ ಕಣ್ಣಿಗೆ ಇದೇ ಕೆಲಸ.
ಮಳೆ ಬಿದ್ದ ಎರೆ ಹೊಲದಾಗ ಎಮ್ಮೆ ಕಾಲು
ಮೊಣಕಾಲುಮಟ ಹೂತರೆ,
ಅದೇ ಎಮ್ಮೆ ಮಲಗಿದಾಗ ನೆಲ ಹೊತ್ತುಕೊಳ್ತೈತೆ.
ಹುಸೇನಬಿ ತಲೆ ಮೇಲೆ ಎರಡು ಕೊಡ,
ಕೊಡದ ಕೆಳಗೆ ಸಿಂಬಿ.
ಸಿಂಬಿ ಇಟ್ಟರೆ ನೀರು ಹಗುರಾಗಲ್ಲ ಬಿಡು, ಅಂದೆ.
ನಿನಗ್ಯಾರು ಹೇಳಿದ್ರು ಹಗುರಾಗ್ತೈತೆ ಅಂತ, ಅಂತ ನಕ್ಕಳು.

ಉರುಕುಂದಪ್ಪನನ್ನ ಕೇಳಿದೆ:
ಪ್ರೆಸ್ಸು ಎತ್ತಿದ ಮೇಲೆ ಒತ್ತು ಎಲ್ಲಿ ಹೋಗ್ತೈತೆ?
ಎಲ್ಲೂ ಹೋಗಲ್ಲ ಸುಂಕಮ್ಮ,
ಎಂಟು ಕಬ್ಬಿಣ ಪಟ್ಟಿಗೆ ಪಾಲಾಗ್ತೈತೆ.
ಹೊರಗೆ ಲಾರಿ ಹತ್ತಿ, ಕೊಯಮತ್ತೂರು ಮುಟ್ಟಿ,
ಯಾರೋ ಪಟ್ಟಿ ಕತ್ತರಿಸೋತನಕ
ಹತ್ತಿ ಒಳಗಿಂದ ತಳ್ಳತಾನೇ ಇರ್ತೈತೆ.
ಮಾತಾಡ್ತಾ ತಗಡಿನ ಕಡೆ ನೋಡಿದ.
ಹೋಳಿಗೆ ಮುಂಚೆ ಒಂದು ಪಟ್ಟಿ ಹರಿದು ಹಾರಿದಾಗ
ಅವನು ಬಿದ್ದ ಅಡಿಕೆ ಚೀಲಕ್ಕೆ ಬಗ್ಗಿದ್ದ.
ತಲೆ ಇರಬೇಕಾದ ಜಾಗದಿಂದ ಮೇಲಕ್ಕೆ ಹೋಗಿ
ತಗಡು ಸೀಳಿತ್ತು.
ಆ ಸೀಳಿನ ಬಿಸಿಲಲ್ಲೇ ಈಗ ನಾ ದಬ್ಬಳಕ್ಕೆ ದಾರ ಪೋಣಿಸೋದು.

ಮೊನ್ನೆ ಅಪ್ಪನ ತೊಗಲು ಸವೆದು ತೂತಾಯಿತು.
ನೋಡಿಕೊಳ್ಳಲಿಲ್ಲ. ದಿನಕ್ಕೆ ಅರವತ್ತು ಬೇಲು.
ಹಿಂದಿನ ತುದಿ ಅಂಗೈಯೊಳಗೆ ಹೋದಾಗ
ತಟ್ಟಿನ ಕಡೆಯಿಂದ ಯಾರೋ
ನನ್ನನ್ನೇ ಬೇಲಿಗೆ ಹೊಲಿದಂಗಾಯಿತು.

ರಾತ್ರಿ ಅರಿಶಿನ ಮೆತ್ತಿಕೊಂಡು ಮಗಳಿಗೆ ಹೇಳಿದೆ:
ಸಮ ಅಂದದ್ದು ಖರೆ ಐತೆ, ಬರಕೋ.
ಯಾರ ಕೈಯಾಗ ತೊಗಲೈತೆ, ಯಾರದ್ದು ಬರೀ ಕೈ,
ಅದನ್ನೂ ಬರಕೋ.
ಪರೀಕ್ಷೆಗೆ ಅದು ಬರಲ್ಲವ್ವ, ಅಂದಳು.

ಬೆಳಗ್ಗೆ ಎದ್ದರೆ ದಬ್ಬಳದ ಪಕ್ಕ
ಅವಳ ಬಾಯಿಬಿಟ್ಟ ಸ್ಕೂಲು ಬೂಟಿನಿಂದ ಕೊಯ್ದ
ಕಪ್ಪು ತುಂಡು. ಎರಡು ಪದರ,
ಅಂಚಿಗೆ ಹೊಲಿಗೆ ಸೊಟ್ಟ.
ಪಾಲಿಶ್ ವಾಸನೆ ಇನ್ನೂ ಐತೆ.